ಭಾವನನ್ನು ಸಭೆಗೆ ಕರೆದದ್ದು

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿ. ಹೋದ ಸಲ ಅಧ್ಯಕ್ಷಗಿರಿಗೆ ಮೂವರು ನಿಂತಿದ್ದರು. ಅವರಲ್ಲಿ ಒಬ್ಬ, ಎಲ್ಲರೂ ‘ಗುಡುಗು’ ಎಂದು ಅಡ್ಡಹೆಸರಿಟ್ಟವನು, ಬೇಡವೆಂದವರೇ ಹೆಚ್ಚು. ಆದರೆ ಅವರ ಮತ ಉಳಿದಿಬ್ಬರಲ್ಲಿ ಹಂಚಿಹೋಗಿ ಗುಡುಗೇ ಗೆದ್ದ. ಗೆದ್ದವನು ಮೇಲಿನವರ ಕಿವಿಯೂದಿ, ತನಗಾಗದವರ ತಲೆಗೆಲ್ಲ ರಾತ್ರಿ ಪಾಳಿ ಕಟ್ಟಿಸಿದ. ಅಕ್ಕನಿಗಂತೂ ಮಗಳ ಜೊತೆ ಕೂತು ಉಣ್ಣುವುದೇ ಅಪರೂಪವಾಯಿತು.

ಮತ ಹಾಕುವ ಕ್ರಮವನ್ನೇ ಬದಲಿಸಬೇಕೆಂದು ಅಕ್ಕ ಪಟ್ಟು ಹಿಡಿದಳು. ಚೀಟಿಯಲ್ಲಿ ಒಂದು, ಎರಡು, ಮೂರು ಎಂದು ಬರೆಯುವುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಮೊದಲ ಜಾಗ ಸಿಗದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವನು ಉದುರಿ, ಅವನ ಚೀಟಿಗಳು ಅವುಗಳಲ್ಲಿನ ಎರಡನೆಯವನಿಗೆ ಹೋಗುವುದು. ಸಭೆ ಒಪ್ಪಬೇಕಿತ್ತು. ಅವಳ ಭಾವ ಕಾಲೇಜಿನಲ್ಲಿ ಮತದಾನದ ಲೆಕ್ಕಾಚಾರವನ್ನೇ ಓದಿ ತಲೆ ನರೆಸಿಕೊಂಡವರು. ಇನ್ನೇನು ಬೇಕೆಂದು ಲಾಂಡ್ರಿಯಲ್ಲೇ ಸೇರಿದ ಸಭೆಗೆ ಅವರನ್ನೇ ಎಳೆತಂದಳು.

ಭಾವ ಚೆನ್ನಾಗಿಯೇ ವಿವರಿಸಿದರು. ಆಗ ಗುಡುಗು, ಇದರಲ್ಲಿ ಐಬೇನೂ ಇಲ್ಲವೇ ಎಂದು ಮೆಲ್ಲಗೆ ಕೇಳಿದ. ಭಾವನ ಕಣ್ಣರಳಿತು.

"ಇದೆ, ಸೊಗಸಾದ ಐಬು. ಕೆಲವು ಸಲ ಒಬ್ಬನಿಗೆ ಮೊದಲನೇ ಜಾಗ ಕೊಟ್ಟೋರು ಜಾಸ್ತಿ ಆಗಿದ್ದಕ್ಕೇ ಅವನು ಸೋತುಬಿಡಬಹುದು. ಆ ಮತ ಕಳಕೊಂಡೋನು ಮೊದಲು ಉದುರಿ, ಅವನ ಚೀಟಿಗಳೆಲ್ಲ ಮೂರನೆಯವನಿಗೆ ಹೋದ್ರೆ ಹಾಗಾಗುತ್ತೆ."

ಚೀಟಿಗಳ ಬದಲು ದಿಂಬಿನ ಗವಸುಗಳನ್ನು ಗುಡ್ಡೆ ಹಾಕಿ ತೋರಿಸಿಯೂಬಿಟ್ಟರು. ಜನ ಮುಖ ಮುಖ ನೋಡಿಕೊಂಡರು. ಅಕ್ಕ ಭಾವನನ್ನು ಬಟ್ಟೆ ಒಣಗಿಸುವ ಯಂತ್ರದ ಹಿಂದಕ್ಕೆ ಕರೆದೊಯ್ದಳು.

"ಭಾವ, ನಮ್ಮ ಪರ ಮಾತಾಡ್ತೀರಿ ಅಂತ ಕರೆದ್ರೆ ಹೀಗಾ ಮಾಡೋದು?"

"ನಾನು ಯಾರ ಪರಾನೂ ಅಲ್ವಲ್ಲಮ್ಮ. ಯಾವುದು ಹೇಗೆ ನಡೆಯುತ್ತೆ ಅಂತ ಹೇಳೋನು. ಇದೇ ಬೇಕು ಅಂತ ಹೋರಾಡೋರು ಬೇರೆ ಇರ್ತಾರೆ."

"ಎಲ್ಲಿದ್ದಾರೆ ಅವರು?"

"ನನ್ನೆದುರಿಗೇ ನಿಂತು ಬೈತಾ ಇದ್ದಾಳೆ."

ಅಕ್ಕ ಅವರನ್ನೇ ನೋಡಿದಳು. ಇಷ್ಟು ದಿನ ತಿಳಿದು ಹೇಳುವುದು, ಬೇಕೆಂದು ಹೋರಾಡುವುದು ಎರಡೂ ಒಂದೇ ಕೆಲಸ ಎಂದುಕೊಂಡಿದ್ದಳಲ್ಲ.

"ಹಾಗಾದ್ರೆ ಹಳೇ ಕ್ರಮದಲ್ಲಿ ಐಬಿಲ್ವಾ?"

"ರಾಶಿ ಇದೆ. ಯಾರೂ ಕೇಳಲಿಲ್ಲ."

ಅವಳು ಅವರನ್ನು ಮತ್ತೆ ಸಭೆಯ ಮುಂದೆ ನಿಲ್ಲಿಸಿ ಅದನ್ನೇ ಕೇಳಿದಳು. ಭಾವ ಅಷ್ಟೇ ಖುಷಿಯಿಂದ ಹಳೆಯದರ ಬಂಡವಾಳವನ್ನೂ ಬಯಲಿಗೆಳೆದರು. ಇಬ್ಬರಿಗಿಂತ ಹೆಚ್ಚು ಜನ ನಿಂತರೆ ಪೂರ್ತಿ ಐಬಿಲ್ಲದ ಕ್ರಮವೇ ಇಲ್ಲ ಎಂದೂ ಸೇರಿಸಿದರು. ಅವರು ಕೂತ ಮೇಲೆ ಅಕ್ಕ ಎದ್ದಳು.

"ಹೊಸದರ ಐಬು ಯಾವಾಗಲೋ ಬರಬಹುದು. ಹಳೇದರ ಐಬನ್ನ ನಾವು ದಿನಾ ರಾತ್ರಿ ಉಣ್ತಾ ಇದ್ದೀವಿ. ಯಾವುದು ಬೇಕು, ಕೈ ಎತ್ತಿ."

ಒಂದೊಂದೇ ಕೈ ಮೇಲೆದ್ದಿತು. ಕೂದಲೆಳೆಯ ಅಂತರದಲ್ಲಿ ಹೊಸದು ಗೆದ್ದಿತು.

ಗೇಟಿನವರೆಗೆ ಬಿಡಲು ಬಂದ ಅಕ್ಕ, ನಮ್ಮ ಸಂಘದವರಾಗಿದ್ದರೆ ನೀವು ಯಾವುದಕ್ಕೆ ಕೈ ಎತ್ತುತ್ತಿದ್ದಿರಿ ಎಂದು ಕೇಳಿದಳು. ಭಾವ ಯೋಚನೆಗೆ ಬಿದ್ದರು. ಅವರು ಹತ್ತಬೇಕಾದ ಬಸ್ಸು ಬಂತು, ಹೋಯಿತು. ಇನ್ನೂ ಯೋಚಿಸುತ್ತಲೇ ಇದ್ದರು. ಅಕ್ಕನಿಗೆ ನಗು ಬಂತು. ಚುನಾವಣೆ ಹತ್ತಿರದಲ್ಲೇ ಇತ್ತು, ಮಾತಾಡಿಸಬೇಕಾದವರು ಬಹಳ ಮಂದಿ. ಅವರನ್ನು ಅಲ್ಲೇ ಬಿಟ್ಟು ಒಳಕ್ಕೆ ನಡೆದಳು.