ಇನ್ನೊಂದು ಕಾಲು ಸುತ್ತು

ರೇನೊ ಹಾಪಲನ ಮನೆಯ ಮುಂಗೋಣೆಯಲ್ಲಿ ಗವರ್ನರು ಠಿಕಾಣಿ ಹೂಡಿ ಮೂರು ವರ್ಷವಾಗಿತ್ತು. ಗವರ್ನರು ಎಂದರೆ ಹೊಟ್ಟೆಗೆ ಹುಲ್ಲು ತುಂಬಿ ನಿಲ್ಲಿಸಿದ ಒಂದು ಮುಳ್ಳುಹಂದಿ. ಅದರ ಒಂದು ಕಣ್ಣು ಎಲ್ಲೋ ಬಿದ್ದುಹೋಗಿತ್ತು, ಮುಳ್ಳು ದಿನಕ್ಕಿಷ್ಟು ಉದುರುತ್ತಿತ್ತು, ಸರೋವರದ ಕಡೆಯಿಂದ ತೇವದ ಗಾಳಿ ಬೀಸಿದ ದಿನ ತಾನು ಸತ್ತದ್ದು ಈಗಷ್ಟೇ ನೆನಪಾದಂತೆ ನಾರುತ್ತಿತ್ತು. ಊರಿನ ಕೋವಿ ಕ್ಲಬ್ಬಿನ ಪದ್ಧತಿಯೇ ಹಾಗೆ. ಅಕ್ಟೋಬರಿನ ಪಂದ್ಯದಲ್ಲಿ ಕೊನೆಗೆ ಬಂದವನು ಗವರ್ನರನ್ನು ಮನೆಗೆ ಕರೆದೊಯ್ದು, ಬಂದವರಿಗೆಲ್ಲ ಕಾಣುವ ಜಾಗದಲ್ಲಿ ಒಂದು ವರ್ಷ ಇಟ್ಟುಕೊಳ್ಳಬೇಕು. ಗೆದ್ದವನಿಗೆ ಏನು ಸಿಗುತ್ತದೆಂಬುದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಬಂದವರಿಗೆಲ್ಲ ಕಾಣುವ ಜಾಗ ಒಂದೇ, ಚಳಿ ಕಾಯಿಸುವ ಒಲೆಯ ಮೇಲಿನ ಹಲಗೆ. ಅದು ರೇನೊನ ಹೆಂಡತಿ ಇರ್ಯಾಳದು. ಕಾಫಿಗೆ ಬಂದವರು ಅವಳ ಆರೋಗ್ಯ ಕೇಳುವ ಮೊದಲು ತಲೆಯೆತ್ತಿ ಗವರ್ನರು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಮೂರು ವರ್ಷ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಈ ವರ್ಷ ಮಾತ್ರ ಅವಳ ಅಕ್ಕ ಹೆಲ್ಮಿ, ಅಮ್ಮ ಸತ್ತ ಮೇಲೆ ಮೊದಲ ಸಲ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಡುಲುತ್ ಪಟ್ಟಣದಿಂದ ಬರುವವಳಿದ್ದಳು. ಬರುವಾಗ ಅಮ್ಮನ ನೀಲಿ ಕಾಫಿ ಪಾತ್ರೆಯನ್ನು ತಂದುಕೊಡುತ್ತೇನೆ ಎಂದಿದ್ದಳು. ಆ ಪಾತ್ರೆಗಾಗಿ ಅಕ್ಕತಂಗಿಯರು ಎಷ್ಟೋ ವರ್ಷ ಮಾತು ಬಿಟ್ಟಿದ್ದರು.

"ಅಮ್ಮನ ಪಾತ್ರೆ ಆ ಹಲಗೆ ಮೇಲೆ ಕೂತ್ಕೋಬೇಕು ರೇನೊ. ಹೆಲ್ಮಿ ಬಂದಾಗ ಈ ದರಿದ್ರ ಅಲ್ಲಿದ್ರೆ ನಾನು ಅವಳಿಗೆ ಹೆಂಗೆ ಮುಖ ತೋರಿಸ್ಲಿ?" ಎಂದಳು ಇರ್ಯಾ. ಗಟ್ಟಿಯಾಗಿ ಹೇಳಿರಲಿಲ್ಲ. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ರೇನೊನ ಗುರಿ ಕೆಟ್ಟದ್ದಲ್ಲ. ಕೆಟ್ಟದ್ದು ತೋಟಾ ತುಂಬುವ ಕೈ. ಪಂದ್ಯದಲ್ಲಿ ಕೋವಿಯೊಳಗಿನ ನಾಲ್ಕು ತೋಟಾ ಖಾಲಿಯಾದ ಮೇಲೆ, ಗಡಿಯಾರ ಓಡುತ್ತಿರುವಾಗಲೇ ಇನ್ನಷ್ಟು ತುಂಬಿ ಉಳಿದ ಕಬ್ಬಿಣದ ತಟ್ಟೆಗಳನ್ನು ಬೀಳಿಸಬೇಕು. ರೇನೊ ಆಗ ಕೋಟಿನ ಜೇಬಿಗೆ ಕೈ ಹಾಕುತ್ತಿದ್ದ. ಮೊದಲು ಕರವಸ್ತ್ರ ಬರುತ್ತಿತ್ತು, ಆಮೇಲೆ ಬೀಗದ ಕೈ, ಆಮೇಲೆ ಹೋದ ವರ್ಷದ ಬಿಸ್ಕತ್ತು, ತೋಟಾ ಕಟ್ಟಕಡೆಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರೇನೊ ಜೇಬನ್ನು ಡೊಂಕು ಅಂದ. ಕೋವಿಯ ಎಡಪಕ್ಕಕ್ಕೇ ಕೂರಿಸಿ ತೋಟಾಗಳನ್ನು ಸಾಲಾಗಿ ಸಿಕ್ಕಿಸಿಡುವ ಪಟ್ಟಿಯೊಂದಿದ್ದರೆ ತನ್ನನ್ನು ಹಿಡಿಯುವವರಿಲ್ಲ ಎಂದು ನಂಬಿದ.

ವೆರ್ನರ್ ಸಾರಿಯ ಅಂಗಡಿಯಲ್ಲಿ ಗಾಳದಿಂದ ಹಿಡಿದು ಗಂಬೂಟಿನವರೆಗೆ ಎಲ್ಲ ಸಿಗುತ್ತದೆ, ಪುಕ್ಕಟೆ ಕಾಫಿ ಮತ್ತು ಬುದ್ಧಿವಾದವನ್ನೂ ಸೇರಿಸಿ. ವೆರ್ನರ್ ಮೂರು ಬಗೆಯ ಪಟ್ಟಿ ತೆಗೆದು ಮುಂದಿಟ್ಟ. ಒಂದು ಅಲ್ಯೂಮಿನಿಯಂನದು, ಕೋವಿಯ ಮೈಗೆ ಅಡ್ಡಲಾಗಿ ಉದ್ದನೆಯ ಸ್ಕ್ರೂ ತೂರಿಸಿ ಬಿಗಿಯುವಂಥದು. ಇನ್ನೊಂದು ಪ್ಲಾಸ್ಟಿಕ್ಕಿನದು. ಮೂರನೆಯದು ಬಟ್ಟೆಯದು, ಎಲಾಸ್ಟಿಕ್ಕಿನ ಕುಣಿಕೆ ಹೊಲಿದು ಹಿಂದೆ ಅಂಟುಪಟ್ಟಿ ಹಾಕಿದ್ದು, ಅಂಟಿಸಿದರಾಯಿತು.

ಇಂಥ ವಿಷಯದಲ್ಲಿ ಒಬ್ಬನೇ ತೀರ್ಮಾನ ಮಾಡಲು ಆ ಊರಿನವರು ಯಾರನ್ನೂ ಬಿಡುವುದಿಲ್ಲ. ಒಲೆಯ ಸುತ್ತ ಕೂತಿದ್ದವರು ಲೋಟ ಕೆಳಗಿಟ್ಟು ಎದ್ದು ಬಂದರು. ನಾಲ್ಕು ಕುಣಿಕೆ ಸಾಕೋ ಆರು ಬೇಕೋ ಎಂಬುದರಿಂದ ಶುರುವಾದ ಮಾತು, ತೋಟಾದ ಹಿತ್ತಾಳೆ ತುದಿ ಮೇಲಿರಬೇಕೋ ಕೆಳಗಿರಬೇಕೋ ಎಂಬಲ್ಲಿಗೆ ಬಂದು ಕಾವೇರಿತು. ಮೇಲಿನವರು ಒಂದು ಬೆಂಚಿಗೆ ಹೋದರು, ಕೆಳಗಿನವರು ಇನ್ನೊಂದಕ್ಕೆ. ಮೇಣದಬತ್ತಿ ಕೊಳ್ಳಲು ಬಂದಿದ್ದ ಪಾದ್ರಿ, ಮೂರು ಮೇಲೆ ಮೂರು ಕೆಳಗೆ ಇಟ್ಟರೆ ಜಗಳವೇ ಇಲ್ಲವಲ್ಲ ಎಂದರು. ಅವರ ಮೇಲೆ ಎರಡೂ ಬೆಂಚಿನವರಿಗೆ ಸಿಟ್ಟು ಬಂತು. ಮುಂದಿನ ಭಾನುವಾರ ಚರ್ಚಿನಲ್ಲಿ ಜನ ಕಡಿಮೆ ಇದ್ದರೆಂದು ಹೇಳುತ್ತಾರೆ.

ಊರನ್ನೆಲ್ಲ ಕೇಳಿದ ರೇನೊ ಹೆಂಡತಿಯನ್ನು ಕೇಳಿರಲಿಲ್ಲ. ಕೇಳದಿದ್ದರೂ ಅವಳು ಊಟದ ಹೊತ್ತಿಗೆ ಹೇಳಿದಳು.

"ಬಟ್ಟೇದು ತಗೋ."

"ಅದೇನು ಕೋವಿಗೆ ಹಾಕೋದಾ, ಕಾಲುಚೀಲಕ್ಕೆ ಹೊಲಿಯೋದಾ? ಗಂಡಸಾದೋನು ಹಿಡ್ಕೊಂಡು ಹೋಗೋದಲ್ಲ ಅದು."

"ಅದರಲ್ಲಿ ನೀನು ಬಿಗಿ ಮಾಡಕ್ಕೆ ಏನೂ ಇಲ್ಲ. ಅದಕ್ಕೇ ಹೇಳ್ದೆ."

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ರೇನೊ ಜೀವನವಿಡೀ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸಿದವನು. ಹಿಂದೊಮ್ಮೆ ಒಂದು ಬೋಲ್ಟು ಸಡಿಲವಾಗಿ, ಲಾರಿಯ ಮುಂದಿನ ಇಡೀ ಸಲಿಕೆ ಕಳಚಿ ಬಿದ್ದು, ಇಳಿಜಾರಿನಲ್ಲಿ ತಾನೇ ಜಾರಿಕೊಂಡು ಹೋಗಿ ಯಾರದೋ ಅಂಗಳದಲ್ಲಿ ನಿಂತಿತ್ತು. ಅಂದಿನಿಂದ ಬಿಗಿಯಾದ ಮೇಲೆ ಇನ್ನೊಂದು ಕಾಲು ಸುತ್ತು ಎಂಬುದು ಅವನ ಮಂತ್ರ. ಅವನು ಬಿಗಿದ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಅವನು ಮುಚ್ಚಿದ ಜಾಮ್ ಬಾಟಲಿಯನ್ನು ಇರ್ಯಾ ಬಿಸಿನೀರಲ್ಲಿಟ್ಟು, ಚಾಕುವಿನ ಹಿಡಿಯಿಂದ ತಟ್ಟಿ, ಕೊನೆಗೆ ಜಾಮೇ ಬೇಡವೆಂದು ಒಣ ರೊಟ್ಟಿ ತಿನ್ನುತ್ತಿದ್ದಳು.

ರೇನೊ ಅಲ್ಯೂಮಿನಿಯಂನದನ್ನೇ ಕೊಂಡ, ಆರು ತೋಟಾದ್ದು. ವೆರ್ನರ್ ಒಂದೇ ಮಾತು ಹೇಳಿದ. ಸ್ಕ್ರೂ ಹೆಚ್ಚು ಬಿಗಿದರೆ ಕೋವಿಯ ಮೈ ಒಳಕ್ಕೆ ಒತ್ತಿಕೊಂಡು, ಪ್ರತಿ ಹೊಡೆತಕ್ಕೂ ಎಳೆದು ತಳ್ಳಬೇಕಾದ ಹಿಡಿ ಹಿಂದೆಮುಂದೆ ಸರಿಯುವುದಿಲ್ಲ, ಸಲೀಸಾಗಿ ಸರಿಯುತ್ತಿರುವಾಗಲೇ ಕೈ ನಿಲ್ಲಿಸು ಎಂದ. ರೇನೊ ತಲೆಯಾಡಿಸಿದ. ಮನೆಗೆ ಬಂದು ಹಾಗೆಯೇ ಕೂರಿಸಿದ ಕೂಡ. ಹಿತ್ತಲಲ್ಲಿ ದಿನವೂ ಅಭ್ಯಾಸ ಮಾಡಿದ. ಬೆರಳು ತಾಗಿದರೆ ತೋಟಾ, ತಳ್ಳಿದರೆ ಒಳಗೆ. ಅಡುಗೆಮನೆಯ ಕಿಟಕಿಯಿಂದ ಇರ್ಯಾ ನೋಡುತ್ತಿದ್ದಳು. ಒಂದು ದಿನ ಯಾರಿಗೂ ಹೇಳದೆ ಗವರ್ನರ ಪಕ್ಕದಲ್ಲಿ ಅಳತೆಯ ಟೇಪು ಹಿಡಿದು, ಪಾತ್ರೆಗೆ ಎಷ್ಟು ಜಾಗ ಬೇಕೆಂದು ನೋಡಿದಳು.

ಪಂದ್ಯದ ದಿನ ಚಳಿಯಿತ್ತು. ಕ್ಲಬ್ಬಿನ ಗಡಿಯಾರ ಹಿಡಿಯುವವಳು ಇರ್ಯಾಳೇ. ಅವಳಷ್ಟು ಖಡಕ್ಕಾದವರು ಇನ್ನೊಬ್ಬರಿಲ್ಲವೆಂದು ಎಲ್ಲರೂ ಸೇರಿ ಒಪ್ಪಿಸಿದ ಕೆಲಸ. ಆಡುವವನಿಗೆ ಹೊರಗಿನವರು ಯಾರಾದರೂ ಬಾಯಿಮಾತಲ್ಲಿ ನೆರವಾದರೆ ಹತ್ತು ಸೆಕೆಂಡು ದಂಡ. ಆ ನಿಯಮ ಬರೆದವಳೂ ಅವಳೇ.

ರೇನೊನ ಹಣೆಬರಹ ಪ್ರತಿ ವರ್ಷ ತೂಗುತ್ತಿದ್ದುದು ಶಾಲೆಯ ಬಸ್ಸು ಓಡಿಸುವ ಓನ್ನಿ ಕೆಟ್ಟುನೆನ್ ಜೊತೆ. ಕೊನೆಯವನು ರೇನೊ, ಅವನ ಮುಂದಿನವನು ಓನ್ನಿ. ಈ ಸಲ ಓನ್ನಿ ಮೊದಲು ನಿಂತ. ಅರ್ಧಕ್ಕೇ ಜೇಬಿನಿಂದ ತೋಟಾ ಎಂದುಕೊಂಡು ಪುದೀನ ಪೆಪ್ಪರ್‌ಮಿಂಟಿನ ಕಟ್ಟು ತೆಗೆದು ಕೋವಿಗೆ ತುರುಕಲು ನೋಡಿದ. ಎಲ್ಲರೂ ನಕ್ಕು ಸುಸ್ತಾದರು. ಅವನು ಮುಗಿಸುವಾಗ ಯುಗವೇ ಕಳೆದಿತ್ತು. ನಿಂತಲ್ಲಿ ನಿದ್ದೆ ಹೋಗದಿದ್ದರೆ ಸಾಕು, ರೇನೊ ಬಚಾವು.

ತನ್ನ ಪಿಕಪ್ ಗಾಡಿಯ ಹತ್ತಿರ ನಿಂತಿದ್ದ ರೇನೊಗೆ ಖುಷಿಯಲ್ಲಿ ಕೈ ಸುಮ್ಮನಿರಲಿಲ್ಲ. ಪಟ್ಟಿಯನ್ನು ಅಲುಗಿಸಿ ನೋಡಿದ. ಅಲುಗಲಿಲ್ಲ. ಆದರೂ ದಾರಿಯಲ್ಲಿ ಕುಲುಕಾಡಿ ಸಡಿಲವಾಗಿದ್ದರೆ? ಅಂಗಿಯ ಜೇಬಿನಲ್ಲಿ ಆ ಸ್ಕ್ರೂ ತಿರುಗಿಸುವ ಅಲೆನ್ ಕೀ ಇತ್ತು. ಹುಟ್ಟುಗುಣ ಸುಟ್ಟರೂ ಹೋಗದು. ಇನ್ನೊಂದು ಕಾಲು ಸುತ್ತು ಕೊಟ್ಟ.

ಗಡಿಯಾರ ಕಿರುಚಿತು. ತಯಾರಾಗಿದ್ದ ಮೊದಲ ತೋಟಾ ಸಿಡಿದು ಮೊದಲ ತಟ್ಟೆ ಬಿತ್ತು. ರೇನೊ ಹಿಡಿ ಹಿಂದಕ್ಕೆಳೆದ. ಅದು ಬರಲಿಲ್ಲ. ಇನ್ನೊಮ್ಮೆ ಎಳೆದ. ಕೋವಿ ಕಲ್ಲಾಗಿತ್ತು. ಬಾಯನ್ನು ತಟ್ಟೆಗಳ ಕಡೆಗೇ ಇಟ್ಟುಕೊಂಡು, ಕೆಸರಲ್ಲಿ ಹೂತ ಎತ್ತನ್ನು ಎಳೆಯುವವನ ಹಾಗೆ ಎಳೆದೇ ಎಳೆದ. ಆರು ತೋಟಾಗಳು ಪಕ್ಕದ ಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಕೂತು ನೋಡುತ್ತಿದ್ದವು. ಜನ ನಗುವುದನ್ನೂ ಬಿಟ್ಟರು. ಇರ್ಯಾಗೆ ಅವನ ಕುತ್ತಿಗೆ ಕೆಂಪೇರುವುದು ಕಂಡಿತು. ಏನಾಗಿದೆ ಎಂಬುದು ಅವಳಿಗೆ ಎಳೆದ ಮೊದಲ ಸಲಕ್ಕೇ ಗೊತ್ತಾಗಿತ್ತು. ನಿಯಮವೂ ಗೊತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಗೆರೆಯ ಮೇಲೆ ನಿಂತ ಯಾರಿಗೂ ತುಟಿ ಬಿಚ್ಚಿದವಳಲ್ಲ.

"ಜಾಮ್ ಬಾಟಲಿ ಕಣೋ," ಎಂದಳು.

ರೇನೊ ಎಳೆಯುವುದನ್ನು ಬಿಟ್ಟ. ಅಂಗಿಯ ಜೇಬಿಗೆ ಕೈ ಹಾಕಿ ಅಲೆನ್ ಕೀ ತೆಗೆದು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಹಿಡಿ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಆಮೇಲೆ ಅವನು ಹೊಡೆದದ್ದನ್ನು ಊರವರು ಈಗಲೂ ಹೇಳುತ್ತಾರೆ. ಬೆರಳು ಪಟ್ಟಿಗೂ ಕೋವಿಗೂ ಓಡಾಡುತ್ತಿದ್ದುದು ಕಣ್ಣಿಗೇ ಕಾಣುತ್ತಿರಲಿಲ್ಲ. ಮುಗಿಸಿದಾಗ, ಅಷ್ಟೆಲ್ಲ ಹೆಣಗಾಡಿಯೂ ಓನ್ನಿಗಿಂತ ಆರು ಸೆಕೆಂಡು ಮುಂದಿದ್ದ.

ಜನ ಚಪ್ಪಾಳೆ ತಟ್ಟಿದರು. ಓನ್ನಿ ಆಗಲೇ ಎದ್ದು ಮೈದಾನಕ್ಕೆ ತಂದಿದ್ದ ಗವರ್ನರನ್ನು ಎತ್ತಿಕೊಳ್ಳಲು ಕೈಗವಸು ಹಾಕಿಕೊಳ್ಳುತ್ತಿದ್ದ. ಇರ್ಯಾ ಗಡಿಯಾರ ನೋಡಿದಳು. ಯಾರೂ ಏನೂ ಕೇಳುತ್ತಿರಲಿಲ್ಲ. ಜಾಮ್ ಎಂದದ್ದು ನೆರವು ಎಂದು ಅಲ್ಲಿ ಯಾರಿಗೂ ಹೊಳೆದಿರಲೂ ಇಲ್ಲ.

"ಹತ್ತು ಸೆಕೆಂಡು ದಂಡ. ಹೊರಗಿನವರು ಮಾತಾಡಿದ್ದಾರೆ. ಮಾತಾಡಿದ್ದು ನಾನು," ಎಂದಳು.

ಮನೆಗೆ ಹೋಗುವಾಗ ಗವರ್ನರು ಗಾಡಿಯಲ್ಲಿ ಇಬ್ಬರ ನಡುವೆ ಕೂತಿದ್ದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ರೇನೊಗೆ ಕೊನೆಯವನಾದ ದುಃಖ ಹುಡುಕಿದರೂ ಸಿಗಲಿಲ್ಲ. ಸ್ವಂತ ನಿಯಮವನ್ನು ಅವಳು ಮುರಿದದ್ದು ತನಗೋಸ್ಕರ, ಊರೆಲ್ಲರ ಎದುರು. ಅದನ್ನು ನೆನೆದರೆ ಎದೆ ತುಂಬುತ್ತಿತ್ತು. ಕೊನೆಗೆ, ಬಟ್ಟೆಯದನ್ನೇ ತರಬೇಕಿತ್ತು ಎಂದ. ಅವಳು ಹೂಂ ಎಂದಳು.

ಹಬ್ಬದ ದಿನ ಹೆಲ್ಮಿ ಬಂದಳು. ಕೋಟು ಕಳಚುವ ಮೊದಲೇ ಕಣ್ಣು ಹಲಗೆಯ ಮೇಲೆ ಹೋಯಿತು. ಮುಳ್ಳುಹಂದಿಯನ್ನು ಆದಷ್ಟು ಗೋಡೆಗೊತ್ತಿ, ಪಕ್ಕದಲ್ಲಿ ಪಾತ್ರೆಯ ಅಳತೆಗೆ ಸರಿಯಾಗಿ ಜಾಗ ಬಿಟ್ಟಿತ್ತು. ಅಡುಗೆಮನೆಯಲ್ಲಿ ಜಾಮ್ ಬಾಟಲಿ ಹಿಡಿದಿದ್ದ ರೇನೊ ಬಾಗಿಲ ಕಡೆ ಕಿವಿಗೊಟ್ಟ.

"ಇದೇನೇ ಇದು, ಅಸಹ್ಯ? ಅವನದಾ?" ಎಂದಳು ಹೆಲ್ಮಿ.

"ಅಲ್ಲ, ನಂದು," ಎಂದಳು ಇರ್ಯಾ. "ಪಂದ್ಯದಲ್ಲಿ ನಾನೇ ಗೆದ್ದಿದ್ದು. ಅಮ್ಮನ ಪಾತ್ರೆ ಅದರ ಪಕ್ಕ ಇಡು."

ರೇನೊ ಬಾಟಲಿಗೆ ಮುಚ್ಚಳ ಹಾಕಿ, ಎರಡೇ ಬೆರಳಲ್ಲಿ ತಿರುಗಿಸಿ, ಬಿಗಿಯಾಗುವ ಮೊದಲೇ ಕೈ ತೆಗೆದ.