ಬಾಯಿಗೆ ನೀರು

ನಾಟಕದ ಮಾಸ್ತರ ಮಹಮ್ಮದ್ ಗೌಸರ ಮುಖಕ್ಕೆ ಉಗಿದೇ ಬರಬೇಕೆಂದು ಎಪ್ಪತ್ತಾರರ ಬೇಸಿಗೆಯಲ್ಲಿ ಜುಂಜಮ್ಮ ಧರ್ಮಪುರದಿಂದ ಬಸ್ಸು ಹತ್ತಿ ಹಿರಿಯೂರಿಗೆ ಬಂದಳು. ಕುರಿಗಳ್ಳರ ಕೈಯಲ್ಲಿ ಸತ್ತ ಅವಳ ಮಗ ಕಾಟಲಿಂಗಪ್ಪನ ಕತೆಯನ್ನು ಇವರು ನಾಟಕ ಮಾಡುತ್ತಿದ್ದಾರಂತೆ. ಅದಕ್ಕೆ ಟಿಕೆಟ್ಟು ಬೇರೆ ಅಂತೆ.

ತಾಲೀಮಿನ ಕೋಣೆಯ ಬಾಗಿಲಲ್ಲಿ ಅವಳು ತಾನು ಕಾಟಲಿಂಗಪ್ಪನ ತಾಯಿ ಎನ್ನುತ್ತಲೇ ಮಾಸ್ತರರು ಎದ್ದು ನಿಂತರು. "ಕುಂತ್ಕಳ್ರಿ ಅಮ್ಮಾ. ಮೊದ್ಲು ತಾಲೀಮು ನೋಡ್ರಿ. ನೀವು ಬ್ಯಾಡ ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ."

ಹಾಗೆ ಅವಳನ್ನು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಉಗಿಯಲು ಬಂದವಳು ಕೂತಳು.

ಮಗನ ಪಾತ್ರ ಹಾಕಿದ್ದ ನಟ ಹಲಗೆಯ ಮೇಲೆ ಬಿದ್ದು, "ಅವ್ವಾ, ನೀರು" ಎಂದು ನರಳಿದ. ನಾಟಕದಲ್ಲಿ ಅವನಿಗೆ ನೀರು ಕೊಡುವವರಿರಲಿಲ್ಲ. ಕಾಟಲಿಂಗಪ್ಪ ಸತ್ತ, ಕುರಿ ಮೇಯುವ ಆ ಬಯಲಿನಲ್ಲೂ ಇರಲಿಲ್ಲ.

ಜುಂಜಮ್ಮ ಮೂಲೆಯ ಮಡಕೆಯಿಂದ ಚೊಂಬು ತುಂಬಿಕೊಂಡು ಹೋಗಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟಳು. ನಟ ನಗಲಿಲ್ಲ, ಮಾಸ್ತರರ ಮುಖವನ್ನೂ ನೋಡಲಿಲ್ಲ. ಬಾಯಿ ತೆರೆದು, ಚೊಂಬು ಬರಿದಾಗುವವರೆಗೂ ಗುಟುಕು ಗುಟುಕಾಗಿ ಕುಡಿದ.

"ಅವತ್ತು ನಾನಿರ್ಲಿಲ್ಲ ಕಣಪ್ಪ," ಎಂದಳು ಜುಂಜಮ್ಮ, ಸೆರಗಿನಿಂದ ಅವನ ಗಲ್ಲ ಒರೆಸುತ್ತ. "ನಿನ್ನ ಹೊಟ್ಟೆ ತಣ್ಣಗಿರಲಿ."