ಹದಿನಾಲ್ಕು ತಲೆ

ಅಕ್ಕನನ್ನು ಹೊರಡಿಸಿಕೊಂಡು ಬಂದವಳು ನಾನೇ. ಭಾವ ಹೋದ ಮೇಲೆ ಆರು ತಿಂಗಳು ಅವಳು ಅಡುಗೆಮನೆ ಬಿಟ್ಟು ಕದಲಿರಲಿಲ್ಲ. "ಮರಗಿಡವೆಲ್ಲ ಚಿಗುರಿದೆ, ನೀನೊಬ್ಬಳು ಬಾಡ್ಕೊಂಡು ಕೂತಿದೀಯ, ಏಳು" ಎಂದು ಗದರಿಸಿ, ನನ್ನ ಹೊಲಿಗೆ ಅಂಗಡಿಗೆ ಬೀಗ ಜಡಿದು, ಕೈ ಹಿಡಿದು ಎಳೆದುಕೊಂಡೇ ಬಂದೆ. ಅವಳಿಗೆ ಕಿವಿ ಮಂದ. ಬಲಗಿವಿಯ ಮಿಷನ್ ತೆಗೆದರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗುವುದಿಲ್ಲ.

ನಮ್ಮ ಭಾನುವಾರದ ನಡಿಗೆಯ ಗುಂಪಿಗೆ ಕಂಡಕ್ಟರ್ ಮಾವನೇ ಯಜಮಾನ. ಮೂವತ್ತು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದ ಮನುಷ್ಯ. ಮುಖ ನೋಡುವ ಅಭ್ಯಾಸವೇ ಇಲ್ಲ. ದಾರಿಯಲ್ಲಿ ಗೇಟು ಸಿಕ್ಕಾಗಲೆಲ್ಲ ಕೋಲು ಆಡಿಸುತ್ತಾ ಎಣಿಸಿ, ಲೆಕ್ಕ ಸರಿಯಿದ್ದರೆ "ರೈಟ್!" ಎನ್ನುತ್ತಾನೆ. ಇನ್ನೊಂದು ನಿಯಮವೂ ಇದೆ. ಒಬ್ಬರು ಹೆಗಲ ಮೇಲೆ ಕೆಂಪು ಬಟ್ಟೆ ಹಾಕಿಕೊಂಡು ಎಲ್ಲರಿಗಿಂತ ಹಿಂದೆ ನಡೆಯಬೇಕು. ಅವರ ಹಿಂದೆ ಯಾರೂ ಉಳಿಯಬಾರದು. ಅವರನ್ನು ಬಾಲ ಅನ್ನುತ್ತೇವೆ. ಅವತ್ತು ಬಾಲ ನಾನು.

ನದಿ ದಂಡೆಯಲ್ಲಿ ಬೋರ್ಡಿತ್ತು: ಅಣೆಕಟ್ಟಿನಿಂದ ನೀರು ಬಿಡುವಾಗ ಸೈರನ್ ಕೂಗುತ್ತದೆ, ಕೂಡಲೇ ದಡ ಸೇರಿ. "ಸೈರನ್ ಕೂಗಿದ್ರೂ ನಮ್ಮ ಮಾವ ಎಣಿಸಿ ಮುಗಿಸೋ ತನಕ ಯಾರೂ ಓಡೋ ಹಾಗಿಲ್ಲ" ಎಂದು ಗುಂಪಿನಲ್ಲಿದ್ದ ಟೀಚರ್ ಚಟಾಕಿ ಹಾರಿಸಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ತಿಂಡಿಗೆ ಕೂತಾಗ ಗಾಳ ಹಾಕುತ್ತಿದ್ದ ಅಪರಿಚಿತನೊಬ್ಬ ಬಂದು ಜೊತೆಗೆ ಕೂತ. ಮಾತುಗಾರ. ಒಂದು ಮೀನೂ ಸಿಕ್ಕಿರಲಿಲ್ಲ, ಆದರೂ ತಪ್ಪಿಸಿಕೊಂಡ ಒಂದೊಂದು ಮೀನಿನ ಕಥೆ ಹೇಳಿ ನಗಿಸಿದ. ಅಷ್ಟರಲ್ಲಿ ಅಕ್ಕನ ಮಿಷನ್ ಕುಯ್ಯೆಂದು ಸಿಳ್ಳೆ ಹೊಡೆಯತೊಡಗಿತು.

"ಅಯ್ಯೋ, ಇದರ ಕುಯ್ ಕುಯ್ ಕೇಳಿ ಸಾಕಾಯ್ತು. ತೆಗಿ ಇತ್ತ!" ಎಂದೆ.

"ಗಾಳಿಗೆ ಹಾಗಾಗುತ್ತೆ ಕಣೇ. ನಾನೇನ್ ಮಾಡ್ಲಿ?"

"ಎಲ್ಲರೂ ನಮ್ಮನ್ನೇ ನೋಡ್ತಿದಾರೆ. ಕೊಡು ಅಂದ್ನಲ್ಲ."

ಕೊಟ್ಟಳು. ಮುಖ ಸಣ್ಣದಾಯಿತು. ನಾನದನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ಅವಳು ಎದ್ದು, ಬಂಡೆಯಿಂದ ಬಂಡೆಗೆ ಕಾಲಿಟ್ಟು, ನದಿಯ ನಡುವಿನ ಮರಳು ದಿಬ್ಬಕ್ಕೆ ಹೋಗಿ ಹಳದಿ ಹೂ ಕೀಳುತ್ತಾ ಬಗ್ಗಿದಳು. ಕೋಪ ಇಳಿದ ಮೇಲೆ ತಾನೇ ಬರುತ್ತಾಳೆ ಎಂದು ಸುಮ್ಮನಾದೆ.

ಹೊರಡುವ ಹೊತ್ತಿಗೆ ಟೀಚರ್ ನನ್ನ ಕೈ ಹಿಡಿದಳು. "ಹೋದ ತಿಂಗಳು ಹೊಲಿದ ರವಿಕೆ ತೋಳು ಬಿಗಿ ಆಯ್ತಲ್ರೀ." ನನಗೆ ಎಲ್ಲಿತ್ತೋ ಸಿಟ್ಟು! "ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ನಿಂತವರು ಯಾರು?" ಎಂದು ವಾದಕ್ಕೆ ಬಿದ್ದು ಅವಳ ಜೊತೆಗೇ ನಡೆದುಬಿಟ್ಟೆ. ಬಾಲವಾಗಿದ್ದವಳು ಗುಂಪಿನ ನಡುವೆ ಸೇರಿಕೊಂಡಿದ್ದೆ. ಗಾಳದವನು ತನ್ನ ಕೋಲು ಹೊತ್ತು ಹಿಂದಿನಿಂದ ಬಂದ.

ಕಾಡಿನ ಗೇಟಿನಲ್ಲಿ ಮಾವ ಕೋಲು ಆಡಿಸಿದ. "ಹನ್ನೆರಡು, ಹದಿಮೂರು, ಹದಿನಾಲ್ಕು. ರೈಟ್!"

ಹೊರಟಾಗಲೂ ಹದಿನಾಲ್ಕೇ. ಹಿಂದೆ ನೋಡಿದೆ, ಅಕ್ಕ ಕಾಣಲಿಲ್ಲ. ಮುನಿಸಿಕೊಂಡು ಮುಂದೆ ಹೋಗಿದ್ದಾಳೆ ಅಂದುಕೊಂಡೆ.

ಕಾಲುದಾರಿ ಇಕ್ಕಟ್ಟು. ಹೊಸ ಎಲೆ ಎಷ್ಟು ದಟ್ಟವಾಗಿತ್ತೆಂದರೆ ಹತ್ತು ಹೆಜ್ಜೆ ಮುಂದಿನವರು ಕಾಣುತ್ತಿರಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ. ಮುಂದಿದ್ದವರ ಹೆಗಲು ತಟ್ಟಿ "ಅಕ್ಕ ಮುಂದಿದಾಳಾ ಕೇಳಿ" ಎಂದೆ. ಮಾತು ಬಾಯಿಂದ ಬಾಯಿಗೆ ಮುಂದಕ್ಕೆ ಹೋಗಿ, ಹಾಗೇ ವಾಪಸ್ ಬಂತು. "ಇದಾರಂತೆ." ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

ದಾರಿ ಕವಲೊಡೆಯುವಲ್ಲಿ ಗಾಳದವನು ನಿಂತ. "ನನ್ನ ಮನೆ ಈ ಕಡೆ. ಒಳ್ಳೆ ಜೊತೆ ಸಿಕ್ತು, ಬರ್ತೀನಿ."

ಮಾವನ ಕೋಲು ಗಾಳಿಯಲ್ಲೇ ನಿಂತಿತು. "ಹೋಲ್ಡಾನ್" ಎಂದ, ಮೆಲ್ಲಗೆ. ಮತ್ತೆ ಎಣಿಸಿದ. ಈ ಸಲ ಒಬ್ಬೊಬ್ಬರ ಮುಖ ನೋಡಿ ಎಣಿಸಿದ. ಹದಿಮೂರು.

"ತಂಗೀ, ನಿನ್ನ ಅಕ್ಕ ಎಲ್ಲಮ್ಮಾ?"

ಅದೇ ಹೊತ್ತಿಗೆ ಕೆಳಗೆ ಸೈರನ್ ಕೂಗಿತು.

ಓಡಿದೆ. ಕೆಂಪು ಬಟ್ಟೆ ಮುಳ್ಳಿಗೆ ಸಿಕ್ಕಿ ಉಳಿಯಿತು. ದೇವರೇ, ನನ್ನ ಬಾಯಿಗೆ ಬೆಂಕಿ ಬೀಳಲಿ, ಅವಳಿಗೆ ಏನೂ ಆಗದಿರಲಿ ಎಂದು ಬಡಬಡಿಸುತ್ತಾ ಓಡಿದೆ. ಹಿಂದೆ ಎಲ್ಲರೂ ಓಡಿ ಬರುತ್ತಿದ್ದರು.

ದಂಡೆಗೆ ಬಂದಾಗ ದಾಟುವ ಬಂಡೆಗಳು ಒಂದೂ ಕಾಣಲಿಲ್ಲ. ಕಂದು ನೀರು ಸುಳಿ ಸುತ್ತುತ್ತಿತ್ತು. ದಿಬ್ಬ ಚಾಪೆಯಷ್ಟು ಉಳಿದಿತ್ತು. ಅಕ್ಕ ನಮಗೆ ಬೆನ್ನು ಹಾಕಿ ಕೂತು ಹೂಗಳನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಹದಿಮೂರು ಜನ ಗಂಟಲು ಹರಿಯುವಂತೆ ಕೂಗಿದೆವು. ಮಾವ ನೀರಿಗಿಳಿದವನು ಎರಡು ಹೆಜ್ಜೆಗೇ ಮುಗ್ಗರಿಸಿದ; ಅವನನ್ನು ಎಳೆದುಕೊಂಡರು.

ನೀರು ಪಾದಕ್ಕೆ ತಾಗಿದಾಗ ಅಕ್ಕ ತಿರುಗಿದಳು. ಸುತ್ತಲೂ ನೋಡಿದಳು. ಆಮೇಲೆ ಅಷ್ಟು ಜನರಲ್ಲಿ ನನ್ನೊಬ್ಬಳನ್ನೇ ಹುಡುಕಿ, ನಾನು ಏನು ಹೇಳುತ್ತಿದ್ದೇನೆಂದು ಕೇಳಲು ಬಲಗಿವಿಗೆ ಕೈ ಅಡ್ಡ ಹಿಡಿದಳು.

ನನ್ನ ಜೇಬಿನಲ್ಲಿ ಮಿಷನ್ ಕುಯ್ಯೆನ್ನುತ್ತಲೇ ಇತ್ತು.